ಮಾನ್ವಿ ಪಂಡಿತರ ಹೊಟ್ಟೆಬೇನೆ, ನಮ್ಮ ಹಲ್ಲುಬೇನೆ

ರಾಯಚೂರು ಜಿಲ್ಲೆಯ ಜನ ಹಲ್ಲುನೋವು ಬಂದಾಗ ಏನು ಮಾಡ್ತಾರೆ ಅಂತ ಬರೆಯೋಕೆ ಕೂತೆ. ಬರೀತಾ ಬರೀತಾ ಮಾನ್ವಿಯ ಜಗನ್ನಾಥದಾಸರ ಹತ್ತಿರ ಹೋಗಿ ನಿಂತೆ. ದಾಸರು ತೀರಿಕೊಂಡು ಇನ್ನೂರು ವರ್ಷ ದಾಟಿದೆ. ಅವರಿಗೆ ಕಾಡಿದ್ದು ಹಲ್ಲಲ್ಲ, ಹೊಟ್ಟೆ. ಆದ್ರೂ ನೋವು ಹಿಡಿದ ಮನುಷ್ಯ ಮೊದಲು ಯಾರ ಮನೆಗೆ ಹೋಗ್ತಾನೆ, ಯಾರ ಮನೆಯನ್ನು ಕೊನೆಗೆ ಇಟ್ಟುಕೊಳ್ತಾನೆ, ಯಾಕೆ ಅಂತ ಕೇಳಿದ್ರೆ ನಮ್ಮ ಕಡೆ ಅವರ ಕಥೆಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಈ ಕಥೆಯನ್ನು ಭಕ್ತರು ಬೇರೆ ರೀತಿ ಹೇಳ್ತಾರೆ. ನಾನು ಓದಿಕೊಂಡ ರೀತಿ ಬೇರೆ.

ಅವರ ಹುಟ್ಟು ಹೆಸರು ಶ್ರೀನಿವಾಸ. 1728ರಲ್ಲಿ ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ. ಅಪ್ಪ ನರಸಿಂಹಾಚಾರ್ಯರು ಆ ಊರಿನ ಕುಲಕರ್ಣಿ, ಅಂದ್ರೆ ಹೊಲದ ಲೆಕ್ಕ, ಕಂದಾಯದ ಕಾಗದ ಎಲ್ಲ ಅವರ ಕೈಯಲ್ಲಿ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬ್ ಸೀಮೆಯಲ್ಲಿ ನಿಜಾಮರ ಆಡಳಿತ ಬೇರು ಬಿಡ್ತಾ ಇದ್ದ ಕಾಲ ಅದು. ಹುಡುಗ ಚುರುಕು. ಮಂತ್ರಾಲಯ ಮಠದ ವರದೇಂದ್ರ ತೀರ್ಥರ ಹತ್ತಿರ ಸಂಸ್ಕೃತ, ವೇದಾಂತ ಓದಿ ಆಚಾರ್ಯ ಅನ್ನೋ ಗೌರವದ ಜೊತೆ ವಾಪಸ್ ಬಂದರು. ಮಾನ್ವಿಯಲ್ಲಿ ಮನೆ, ಸುತ್ತ ಶಿಷ್ಯರು, ಪಾಠ, ವಾದ. ಇಪ್ಪತ್ತರ ಹರೆಯಕ್ಕೇ ಊರಿನ ದೊಡ್ಡ ವಿದ್ವಾಂಸ ಅನ್ನಿಸಿಕೊಂಡವರ ತಲೆ ಹೇಗೆ ತಿರುಗುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಇಂಥವರು ತರಗತಿಗೊಬ್ಬರು ಇರ್ತಾರೆ.

ಅದೇ ತಾಲ್ಲೂಕಿನ ಚೀಕಲಪರವಿಯವರು ವಿಜಯದಾಸರು. 1682ರಲ್ಲಿ ಹುಟ್ಟಿದವರು, ಆಚಾರ್ಯರಿಗಿಂತ 46 ವರ್ಷ ದೊಡ್ಡವರು. ಚಿಕ್ಕಂದಿನಿಂದ ಕಡುಬಡತನ ಕಂಡವರು. ಕೈಯಲ್ಲಿ ತಂಬೂರಿ, ಕಾಲಿಗೆ ಗೆಜ್ಜೆ, ಹೆಗಲಿಗೆ ಭಿಕ್ಷೆಯ ಜೋಳಿಗೆ. ಹಾಡೋದು ಕನ್ನಡದಲ್ಲಿ. ಸಂಸ್ಕೃತದಲ್ಲಿ ವಾದ ಮಾಡುವ ಪಂಡಿತರಿಗೆ ಬೀದಿಯಲ್ಲಿ ಕನ್ನಡ ಹಾಡುವ ದಾಸರು ಅಂದ್ರೆ ಅಷ್ಟಕ್ಕಷ್ಟೆ. ಇದು ಜಾತಿ ಜಾತಿ ನಡುವಿನ ಜಗಳ ಅಂತ ನಾನು ಹೇಳೋದಿಲ್ಲ. ಎರಡೂ ಕಡೆಯವರು ಒಂದೇ ಮಾಧ್ವ ಬ್ರಾಹ್ಮಣ ಸಮುದಾಯದವರು. ಆದ್ರೆ ಒಂದೇ ಜಾತಿಯೊಳಗೂ ಓದು, ಭಾಷೆ, ಹಣ ಹಾಕುವ ಗೆರೆ ಇರುತ್ತಲ್ಲ, ಆ ಗೆರೆ ಇಲ್ಲೂ ಇತ್ತು.

ವಿಜಯದಾಸರು ಮಾನ್ವಿಗೆ ಬಂದರು, ಊರವರಿಗೆಲ್ಲ ಊಟಕ್ಕೆ ಹೇಳಿದರು. ಆಚಾರ್ಯರಿಗೂ ಕರೆ ಹೋಯಿತು. ದಾಸರ ಪಂಕ್ತಿಯಲ್ಲಿ ಕೂರೋಕೆ ಮನಸ್ಸಿಲ್ಲ, ಬರೋದಿಲ್ಲ ಅಂತ ಮುಖಕ್ಕೆ ಹೇಳೋಕೂ ಆಗೋದಿಲ್ಲ. ತನಗೆ ಹೊಟ್ಟೆಬೇನೆ, ಹೊತ್ತಿಗೆ ಮುಂಚೆ ಉಣ್ಣಬೇಕು, ದಾಸರ ಪೂಜೆ ಮುಗಿಯೋ ತನಕ ಕಾಯೋಕಾಗಲ್ಲ ಅಂತ ಹೇಳಿ ಕಳಿಸಿದರು. ಸಂಪ್ರದಾಯದಲ್ಲಿ ಉಳಿದು ಬಂದ ಕಥೆ ಇದು, ಮತ್ತು ನನಗೆ ಇದರಲ್ಲಿ ತುಂಬಾ ಹಿಡಿಸೋದು ಈ ಸುಳ್ಳೇ. ನೋವು ಅನ್ನೋದನ್ನು ಇನ್ನೊಬ್ಬರು ಅಳೆದು ನೋಡೋಕಾಗಲ್ಲ. ಹಾಗಾಗಿ ಕರೆ ತಪ್ಪಿಸಿಕೊಳ್ಳೋಕೆ, ರಜೆ ತಗೊಳ್ಳೋಕೆ ಅದಕ್ಕಿಂತ ಸುಲಭದ ನೆಪ ಇಲ್ಲ. ಅದೇ ಕಾರಣಕ್ಕೆ ನಿಜವಾಗ್ಲೂ ನೋವಿರೋ ಮನುಷ್ಯ ತನ್ನ ಮಾತನ್ನು ನಂಬಿಸೋಕೆ ಒದ್ದಾಡಬೇಕಾಗುತ್ತೆ.

ಆಮೇಲೆ ಹೊಟ್ಟೆಬೇನೆ ನಿಜವಾಗ್ಲೂ ಬಂತು. ದಿನ ಕಳೆದಂತೆ ಜೋರಾಯ್ತು. ಉಂಡದ್ದು ಸೇರಲ್ಲ, ಕೂತ್ರೆ ನಿಂತ್ರೆ ಶೂಲೆ. ಆಚಾರ್ಯರು ಮೊದಲು ಮಾಡಿದ್ದು ಔಷಧಿ. ಅದರಿಂದ ಆಗಲಿಲ್ಲ. ಆಮೇಲೆ ಕ್ಷೇತ್ರಗಳು, ಸೇವೆಗಳು. ಕೊನೆಗೆ ಮಂತ್ರಾಲಯದಲ್ಲಿ ರಾಯರ ಬೃಂದಾವನದ ಮುಂದೆ ಸೇವೆಗೆ ಕೂತರು. ಅಲ್ಲಿ ಕನಸಾಯಿತಂತೆ, ನಿನ್ನ ಬೇನೆಗೆ ಮದ್ದು ಇಲ್ಲಿಲ್ಲ, ವಿಜಯದಾಸರ ಹತ್ತಿರ ಹೋಗು ಅಂತ. ತಾನು ಕೀಳಾಗಿ ಕಂಡವರ ಮನೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿತ್ತು ಅನ್ನೋದು ಗಮನಿಸಿ. ಅದಕ್ಕಿಂತ ಮುಂಚೆ ಮನೆಮದ್ದಿಂದ ಮಠದ ತನಕ ಎಲ್ಲ ಮುಗಿಸಿಯಾಗಿತ್ತು.

ಈ ಪಟ್ಟಿಯನ್ನು ಪಕ್ಕಕ್ಕಿಟ್ಟು ಈಗಿನ ಮಾನ್ವಿ ಅಥವಾ ದೇವದುರ್ಗದ ಒಬ್ಬ ಕೂಲಿಕಾರನ ದವಡೆ ಹಲ್ಲನ್ನು ನೋಡೋಣ. ಹಲ್ಲು ಹುಳುಕಾಗೋಕೆ ಶುರುವಾದಾಗ ಏನೂ ಗೊತ್ತಾಗೋದಿಲ್ಲ. ತಣ್ಣೀರು ಕುಡಿದ್ರೆ ಜುಮ್ಮೆನ್ನುತ್ತೆ, ಅಷ್ಟೆ. ಆಗ ಹೋದ್ರೆ ಕೊರೆದು ಸಿಮೆಂಟ್ ತುಂಬಿಸಿಕೊಂಡು ಅರ್ಧ ಗಂಟೆಯಲ್ಲಿ ಹೊರಗೆ ಬರಬಹುದು. ಆದ್ರೆ ನೋವಿಲ್ಲದ ಹಲ್ಲಿಗೆ ಒಂದು ದಿನದ ಕೂಲಿ ಯಾರು ಬಿಡ್ತಾರೆ? ಹುಳುಕು ಒಳಗಿನ ನರಕ್ಕೆ ಮುಟ್ಟಿದಾಗ ನಿಜವಾದ ಆಟ ಶುರು. ಬೇರೆ ಕಡೆ ಗಾಯ ಆದ್ರೆ ಮಾಂಸ ಊದಿಕೊಳ್ಳೋಕೆ ಜಾಗ ಇರುತ್ತೆ. ಹಲ್ಲಿನೊಳಗೆ ನಾಲ್ಕೂ ಕಡೆ ಕಲ್ಲಿನಂಥ ಗೋಡೆ. ಊತಕ್ಕೆ ಜಾಗ ಇಲ್ಲ, ಒತ್ತಡ ಏರ್ತಾ ಹೋಗುತ್ತೆ. ಮಲಗಿದ್ರೆ ತಲೆ ಕಡೆ ರಕ್ತ ಹೆಚ್ಚು ಹರಿದು ಇನ್ನೂ ಜೋರು, ಅದಕ್ಕೇ ಹಲ್ಲುನೋವು ರಾತ್ರಿ ಕೊಲ್ಲೋದು.

ರಾತ್ರಿ ಲವಂಗ ಕಚ್ಚಿಕೊಳ್ತಾರೆ. ಲವಂಗದೆಣ್ಣೆಯಲ್ಲಿರೋ ಯುಜಿನಾಲ್ ಸ್ವಲ್ಪ ಹೊತ್ತು ಮರಗಟ್ಟಿಸುತ್ತೆ, ಅದು ಸುಳ್ಳಲ್ಲ. ಕೆಲವರು ತಂಬಾಕು ಒತ್ತಿಟ್ಟುಕೊಳ್ತಾರೆ. ಬೆಳಿಗ್ಗೆ ಮೆಡಿಕಲ್ ಶಾಪಿನಲ್ಲಿ ಎರಡು ಗುಳಿಗೆ. ಆಮೇಲೆ ಊರಿನ ಡಾಕ್ಟ್ರ ಇಂಜೆಕ್ಷನ್. ಹಲ್ಲಿನ ಹುಳ ತೆಗೀತೀನಿ ಅನ್ನೋ ಸಂತೆಯವನೂ ಒಬ್ಬ ಇರ್ತಾನೆ. ಹರಕೆ ಇದ್ದೇ ಇದೆ. ಇಷ್ಟೆಲ್ಲ ಆಗೋಷ್ಟರಲ್ಲಿ ಒಂದು ದಿನ ನೋವು ತಾನಾಗೇ ನಿಂತುಬಿಡುತ್ತೆ. ಎಲ್ಲರಿಗೂ ಖುಷಿ, ಕೊನೆಗೆ ಮಾಡಿದ ಮದ್ದಿಗೆ ಕೀರ್ತಿ. ಆಗಿರೋದು ಏನಂದ್ರೆ ಒಳಗಿನ ನರ ಸತ್ತಿದೆ. ನೋವು ಹೇಳೋಕೆ ಯಾರೂ ಉಳಿದಿಲ್ಲ. ಸೋಂಕು ಬೇರಿನ ತುದಿಯಿಂದ ದವಡೆ ಮೂಳೆಗೆ ಇಳೀತಾ ಇರುತ್ತೆ.

ನಮ್ಮ ಕಡೆ ನೋವಿಗೂ ಬೇನೆ ಅಂತಾರೆ, ರೋಗಕ್ಕೂ ಬೇನೆ ಅಂತಾರೆ. ಆಡುಮಾತಿನಲ್ಲಿ ಎರಡೂ ಬ್ಯಾನಿಯೇ. ಪದ ಒಂದೇ ಆಗಿರೋದ್ರಿಂದ ನೋವು ಹೋದ್ರೆ ರೋಗಾನೂ ಹೋಯ್ತು ಅನ್ನಿಸೋದು ಸಹಜ. ಇದನ್ನು ಅಜ್ಞಾನ ಅಂತ ಕರೆದು ಕೈ ತೊಳೆದುಕೊಳ್ಳೋದು ಸುಲಭ. ಸಕ್ಕರೆ ಕಾಯಿಲೆ, ಬಿ.ಪಿ. ವಿಷಯದಲ್ಲಿ ಬೆಂಗಳೂರಿನ ಡಿಗ್ರಿ ಹೋಲ್ಡರುಗಳೂ ಇದನ್ನೇ ಮಾಡ್ತಾರೆ.

ಊತ ಬಂದಾಗ ಮತ್ತೆ ನೋವು. ಈಗ ಮುಖ ಒಂದು ಕಡೆ ದಪ್ಪಗಾಗಿದೆ, ಬಾಯಿ ಬಿಡೋಕಾಗ್ತಿಲ್ಲ. ಈಗ ಬಸ್ ಹತ್ತುತ್ತಾರೆ. ಮಾನ್ವಿಯಿಂದ ರಾಯಚೂರು ಐವತ್ತು ಕಿಲೋಮೀಟರಿನೊಳಗೆ, ದೇವದುರ್ಗದಿಂದ ಐವತ್ತಕ್ಕೂ ಹೆಚ್ಚು. ದಂತವೈದ್ಯರ ಕುರ್ಚಿ ಮೇಲೆ ಕೂತು ಮೊದಲು ಹೇಳೋ ಮಾತು ಒಂದೇ, ಕಿತ್ತುಬಿಡಿ ಅಂತ. ಉಳಿಸಬಹುದು, ರೂಟ್ ಕೆನಾಲ್ ಮಾಡೋಣ ಅಂದ್ರೆ ಎಷ್ಟು ಸಲ ಬರಬೇಕು ಅನ್ನೋದು ಮರುಪ್ರಶ್ನೆ. ಎರಡು ಸಲ, ಮೂರು ಸಲ. ಮೇಲೆ ಕ್ಯಾಪ್ ಹಾಕಿಸೋಕೆ ಇನ್ನೊಂದೆರಡು ಸಲ. ಒಂದೊಂದು ಸಲಕ್ಕೂ ಒಂದು ದಿನದ ಕೂಲಿ, ಹೋಗಿಬರೋ ಖರ್ಚು, ಹೆಣ್ಣುಮಕ್ಕಳಾದ್ರೆ ಜೊತೆಗೆ ಇನ್ನೊಬ್ಬರು. ಹತ್ತಿ ಬಿಡಿಸೋ ಕಾಲದಲ್ಲಿ, ಮೆಣಸಿನಕಾಯಿ ಹರಿಯೋ ಕಾಲದಲ್ಲಿ ಇದು ಆಗದ ಮಾತು. ಹೊಟ್ಟೆಪಾಡಿಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗೋ ಕುಟುಂಬ ಮುಂದಿನ ಬುಧವಾರ ಎಲ್ಲಿರುತ್ತೋ ಅದಕ್ಕೇ ಗೊತ್ತಿರಲ್ಲ. ಕೀಳಿಸಿದ್ರೆ ಒಂದೇ ಸಲ, ಕಡಿಮೆ ದುಡ್ಡು, ಮತ್ತೆ ಆ ಹಲ್ಲು ನೋಯೋ ಪ್ರಶ್ನೆನೇ ಇಲ್ಲ. ಈ ಲೆಕ್ಕ ಹಾಕುವವರು ದಡ್ಡರಲ್ಲ. ಅವರಿಗೆ ಸಿಕ್ಕಿರೋ ಅಂಕಿಗಳಿಗೆ ಉತ್ತರ ಅದೇ ಬರೋದು.

ರೂಟ್ ಕೆನಾಲ್ ಒಪ್ಪಿಕೊಂಡವರ ಕಥೆ ಇನ್ನೂ ವಿಚಿತ್ರ. ಮೊದಲ ದಿನ ಹಲ್ಲು ತೆರೆದು ಒಳಗಿನ ಒತ್ತಡ ಇಳಿಸಿದ ಕೂಡಲೇ ನೋವು ಬಹುಪಾಲು ಹೋಗುತ್ತೆ. ತಾತ್ಕಾಲಿಕ ಸಿಮೆಂಟ್ ಹಾಕಿ ವಾರ ಬಿಟ್ಟು ಬನ್ನಿ ಅಂತಾರೆ. ನೋವಿಲ್ಲ, ಇನ್ಯಾಕೆ ಹೋಗೋದು? ಸಿಮೆಂಟ್ ಉದುರುತ್ತೆ, ತಿಂಗಳುಗಳು ಕಳೆದು ಹಲ್ಲು ಮತ್ತೆ ಕೀವು ತುಂಬಿಕೊಳ್ಳುತ್ತೆ. ಆಗ ಕೀಳದೆ ದಾರಿ ಇಲ್ಲ. ದುಡ್ಡೂ ಹೋಯ್ತು, ಹಲ್ಲೂ ಹೋಯ್ತು, ರೂಟ್ ಕೆನಾಲ್ ಸುಳ್ಳು ಅನ್ನೋ ಸುದ್ದಿ ಓಣಿಗೆಲ್ಲ ಹಬ್ಬಿತು. ಜೊತೆಗೆ, ಕೀವು ತುಂಬಿದ ಜಾಗದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯೋದಿಲ್ಲ. ತಡವಾಗಿ ಬಂದವರಿಗೇ ಕೀಳಿಸುವಾಗ ಹೆಚ್ಚು ನೋವು. ಆ ನೋವಿನ ನೆನಪಿಗೆ ಮುಂದಿನ ಹಲ್ಲಿಗೆ ಇನ್ನೂ ತಡವಾಗಿ ಬರ್ತಾರೆ. ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣಿಗೆ ಪೆಟ್ಟು ಅನ್ನೋ ಆಧಾರವಿಲ್ಲದ ನಂಬಿಕೆ ಇದಕ್ಕೆ ಮತ್ತೊಂದು ತಡೆ.

ಇಷ್ಟಾದ ಮೇಲೆ ನಾಚಿಕೆ. ಭಕ್ತರು ಹೇಳುವ ಕಥೆಯಲ್ಲಿ ಆಚಾರ್ಯರ ಹೊಟ್ಟೆಬೇನೆ ಒಂದು ಶಿಕ್ಷೆ. ದೊಡ್ಡವರನ್ನು ಕಡೆಗಣಿಸಿದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ ಬಂದದ್ದು. ನನಗೆ ಈ ಓದು ಒಪ್ಪಿಗೆ ಇಲ್ಲ. ನೋವನ್ನು ತಪ್ಪಿಗೆ ಸಿಕ್ಕ ಶಿಕ್ಷೆ ಅಂತ ನಂಬಿದವರು ಅದನ್ನು ಮುಚ್ಚಿಡ್ತಾರೆ. ಹಲ್ಲಿನ ವಿಷಯದಲ್ಲಿ ಇದು ದಿನಾ ನಡೆಯುತ್ತೆ. ಬಾಯಿ ತೆರೆಯೋ ಮುಂಚೆನೇ ಗುಟ್ಕಾ ತಿಂತೀಯಾ, ಹಲ್ಲು ಉಜ್ಜಲ್ವಾ, ಇಷ್ಟು ದಿನ ಎಲ್ಲಿದ್ದೆ ಅಂತ ಬೈಸಿಕೊಳ್ಳಬೇಕು. ಹಳ್ಳಿಯಿಂದ ಬಂದ ಐವತ್ತರ ಹೆಂಗಸನ್ನು ಇಪ್ಪತ್ತೆರಡರ ಹುಡುಗ ಏಕವಚನದಲ್ಲಿ ಗದರುತ್ತಾನೆ. ಆ ಹೆಂಗಸು ಮುಂದಿನ ಸಲ ಲವಂಗವನ್ನೇ ನಂಬಿಕೊಂಡ್ರೆ ಆಶ್ಚರ್ಯ ಏನು?

ವಿಜಯದಾಸರು ಗದರಲಿಲ್ಲ. ಆಚಾರ್ಯರು ಬಂದು ಕಾಲಿಗೆ ಬಿದ್ದಾಗ ಹಳೇ ಲೆಕ್ಕ ತೆಗೆಯಲಿಲ್ಲ. ನಿನ್ನ ಕೆಲಸ ನನ್ನಿಂದಲ್ಲ, ನನ್ನ ಶಿಷ್ಯ ಗೋಪಾಲದಾಸರಿಂದ ಆಗುತ್ತೆ ಅಂತ ಹೇಳಿ ಉತ್ತನೂರಿಗೆ ಕಳಿಸಿದರು. ನಮ್ಮ ಭಾಷೆಯಲ್ಲಿ ಇದು ರೆಫರಲ್. ಯಾರಿಗೆ ಯಾವುದು ಗೊತ್ತು ಅಂತ ತಿಳಿದು, ರೋಗಿಯನ್ನು ಸರಿಯಾದ ಕಡೆ ದಾಟಿಸೋದು. ಮೂರು ಬಸ್ ಬದಲಿಸಿ ಬಂದವರಿಗೆ ಇವತ್ತು ಡಾಕ್ಟ್ರಿಲ್ಲ ನಾಳೆ ಬಾ ಅನ್ನೋ ವ್ಯವಸ್ಥೆಯಲ್ಲಿ ಬೆಳೆದ ನಮಗೆ ಇದು ಸಣ್ಣ ಪವಾಡವೇ.

ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಹುಟ್ಟು ಹೆಸರು ಭಾಗಣ್ಣ. ಚಿಕ್ಕವನಿದ್ದಾಗಲೇ ಅಪ್ಪ ಹೋದರು, ಆಸ್ತಿ ದಾಯಾದಿಗಳ ಪಾಲಾಯಿತು, ತಾಯಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು. ಮುಂದೆ ಜ್ಯೋತಿಷ್ಯದಲ್ಲಿ ಹೆಸರು ಮಾಡಿ, ವಿಜಯದಾಸರ ಶಿಷ್ಯರಾಗಿ, ಈಗ ತೆಲಂಗಾಣಕ್ಕೆ ಸೇರಿರುವ ಉತ್ತನೂರಿನಲ್ಲಿ ನೆಲೆಸಿದರು. ಆಚಾರ್ಯರಿಗೂ ಅವರಿಗೂ ವಯಸ್ಸಿನಲ್ಲಿ ಹೆಚ್ಚು ಅಂತರ ಇಲ್ಲ. ಊರು ಬಿಟ್ಟು ಹೋದ ವಿಧವೆಯ ಮಗನ ಮುಂದೆ ಕುಲಕರ್ಣಿಯ ಮಗ ಕೈಯೊಡ್ಡಿ ನಿಂತರು. ಗೋಪಾಲದಾಸರು ಧನ್ವಂತರಿಯನ್ನು ಬೇಡಿ ಒಂದು ಕೀರ್ತನೆ ಹಾಡಿದರು, ಮಂತ್ರಿಸಿದ ಜೋಳದ ರೊಟ್ಟಿ ಕೊಟ್ಟರು ಅಂತ ಸಂಪ್ರದಾಯ ಹೇಳುತ್ತೆ. ಹೊಟ್ಟೆಶೂಲೆಯವರಿಗೆ ಜೋಳದ ರೊಟ್ಟಿ! ಯಾವ ವೈದ್ಯರೂ ಒಪ್ಪಲಿಕ್ಕಿಲ್ಲ. ಆದ್ರೆ ಎರೆಭೂಮಿಯಲ್ಲಿ ದುಡಿಯೋ ಜನ ದಿನಾ ತಿನ್ನೋ ಆಹಾರವನ್ನೇ ಕಥೆ ಔಷಧಿಯಾಗಿ ಆರಿಸಿಕೊಂಡಿದೆ.

ರೊಟ್ಟಿ ಜೊತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನೂ ಗೋಪಾಲದಾಸರು ಧಾರೆ ಎರೆದರಂತೆ. ಓದಿದ್ದು ಇಂಜಿನಿಯರಿಂಗ್ ಆದ್ದರಿಂದ ಲೆಕ್ಕ ಹಾಕದೆ ಇರೋಕಾಗಲಿಲ್ಲ. ವಿಜಯದಾಸರು ತೀರಿಕೊಂಡದ್ದು 1755ರಲ್ಲಿ. ಹಾಗಾದ್ರೆ ಈ ಘಟನೆ ನಡೆದಾಗ ಆಚಾರ್ಯರಿಗೆ ಇಪ್ಪತ್ತೇಳು ದಾಟಿರಲಿಲ್ಲ. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿ ತೀರಿಕೊಂಡರು. ಆಚಾರ್ಯರು 1809ರ ತನಕ, 81 ವರ್ಷ ಬದುಕಿದರು. ಒಬ್ಬರು ಅರ್ಧ ಆಯುಷ್ಯಕ್ಕೇ ಹೋದರು, ಇನ್ನೊಬ್ಬರು ಎರಡರಷ್ಟು ಬಾಳಿದರು. ಆ ವ್ಯತ್ಯಾಸವನ್ನು ಕಂಡ ಜನ ಕಟ್ಟಿಕೊಂಡ ವಿವರಣೆ ಇದು ಅಂತ ನನ್ನ ಅನುಮಾನ. ಆದ್ರೂ ಅದರೊಳಗೊಂದು ಗಟ್ಟಿ ತಿಳುವಳಿಕೆ ಇದೆ. ಒಬ್ಬರ ನೋವು ಇಳೀಬೇಕಾದ್ರೆ ಇನ್ನೊಬ್ಬರು ಏನೋ ಕೊಡಬೇಕಾಗುತ್ತೆ. ಗಂಡನ ಹಲ್ಲಿಗೆ ಹೆಂಡತಿಯ ಸಂಘದ ಸಾಲ, ಅಮ್ಮನ ಹಲ್ಲಿಗೆ ಮಗಳು ಶಾಲೆ ತಪ್ಪಿಸಿದ ದಿನಗಳು.

ಈ ಕೊಡೋ ಕೆಲಸ ಸರ್ಕಾರದ್ದಾಗಬೇಕಿತ್ತು. ರಾಯಚೂರು ನಗರದಲ್ಲಿ ಎರಡು ಖಾಸಗಿ ದಂತ ವೈದ್ಯಕೀಯ ಕಾಲೇಜುಗಳಿವೆ, ನವೋದಯ ಮತ್ತು ಎ.ಎಂ.ಇ. ಅಲ್ಲಿ ವಿದ್ಯಾರ್ಥಿಗಳ ಕಲಿಕೆಗೆ ರೋಗಿಗಳು ಬೇಕು, ಹಾಗಾಗಿ ಹೊರಗಿನ ಕ್ಲಿನಿಕ್ಕಿಗಿಂತ ಕಡಿಮೆ ಖರ್ಚಲ್ಲಿ ಆಗುತ್ತೆ. ಜಿಲ್ಲೆಗೆ ಇದು ದೊಡ್ಡ ಆಸರೆ, ನಿಜ. ಆದ್ರೆ ಸರ್ಕಾರಿ ದಂತ ಕಾಲೇಜು ಬೇಕಂದ್ರೆ ಬಳ್ಳಾರಿಗೆ ಹೋಗಬೇಕು. ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರ ತಂದಿತು. ಒಳ್ಳೆಯದೇ, ಬೊಚ್ಚುಬಾಯಿಯ ಅಜ್ಜ ಮತ್ತೆ ರೊಟ್ಟಿ ಅಗಿಯೋದನ್ನು ಯಾರು ಬೇಡ ಅಂತಾರೆ. ಆದ್ರೆ ನಲವತ್ತರ ವಯಸ್ಸಲ್ಲಿ ಒಂದೊಂದೇ ಹಲ್ಲು ಕೀಳಿಸಿಕೊಳ್ಳೋ ಹೊತ್ತಿಗೆ ಅದನ್ನು ಉಳಿಸಿಕೊಡೋ ಭಾಗ್ಯಕ್ಕೆ ಯೋಜನೆ ಇಲ್ಲ. ಎಲ್ಲ ಹೋದ ಮೇಲೆ ಸೆಟ್ ಕೊಡೋದು, ಹೋಗುವಾಗ ಸುಮ್ಮನೆ ನೋಡೋದು.

ನೋವೇ ಇಲ್ಲದ ಹಲ್ಲಿನ ರೋಗವೂ ಈ ಜಿಲ್ಲೆಯಲ್ಲಿದೆ. ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ರೆ 1.5ರ ತನಕ ಸಹಿಸಬಹುದು ಅನ್ನೋದು ಭಾರತೀಯ ಮಾನದಂಡ. ರಾಯಚೂರಿನ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರು ಇದನ್ನು ಮೀರುತ್ತೆ. ಹಲ್ಲು ರೂಪುಗೊಳ್ಳೋ ಎಳೆ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ, ಗುಳಿ. ಅದು ನೋಯಲ್ಲ. ನೋಯದ್ದಕ್ಕೆ ಯಾರೂ ಆಸ್ಪತ್ರೆಗೆ ಹೋಗಲ್ಲ, ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರಲ್ಲ, ರಿಜಿಸ್ಟರಿನಲ್ಲಿ ಇಲ್ಲದ್ದಕ್ಕೆ ಬಜೆಟ್ ಇರಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯೋ ಹುಡುಗಿಯರ ನಾಚಿಕೆಯನ್ನು ಯಾವ ಇಲಾಖೆ ಎಣಿಸುತ್ತೆ?

2002ರ ನಂಜುಂಡಪ್ಪ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿಟ್ಟಿತು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಲ್ಲಿ ಶುರುವಾದ ಧರಣಿ ವರ್ಷಗಳ ಕಾಲ ನಡೆಯಿತು. ಆ ಬೇಡಿಕೆಗೆ ನನ್ನ ಬೆಂಬಲ ಇದೆ. ಅದರ ಜೊತೆ ಸಣ್ಣದೊಂದನ್ನು ಸೇರಿಸಿ ಕೇಳಬೇಕು ಅಂತ ನನ್ನ ವಾದ. ಪ್ರತಿ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಇಕ್ಕಳ ಅಷ್ಟೇ ಅಲ್ಲ, ರೂಟ್ ಕೆನಾಲ್ ಸಾಮಾನೂ ಮುಗಿಯದೆ ಇರಬೇಕು. ಸಂತೆ ದಿನ ಸಂಜೆ ತನಕ ತೆರೆದಿರಬೇಕು. ಸಾಧ್ಯವಿದ್ದ ಕಡೆ ಒಂದೇ ಭೇಟಿಯಲ್ಲಿ ಮುಗಿಸಬೇಕು, ಇಲ್ಲದಿದ್ರೆ ಎರಡನೇ ಭೇಟಿಗೆ ಆಶಾ ಕಾರ್ಯಕರ್ತೆ ನೆನಪಿಸಬೇಕು, ಅದಕ್ಕೆ ಆಕೆಗೆ ದುಡ್ಡೂ ಕೊಡಬೇಕು. ನೋವು ನಿಂತ ಮೇಲೂ ಜನ ಬರುವಂತೆ ಮಾಡೋದು ಭಾಷಣದಿಂದ ಆಗೋದಿಲ್ಲ.

ಆಚಾರ್ಯರ ಬದುಕಿನ ವಿಶೇಷ ಇರೋದು ಇಲ್ಲೇ. ನೋವು ನಿಂತಿತು, ಆದ್ರೆ ಅವರು ಹಳೇ ಮನೆಗೆ, ಹಳೇ ಪಾಠಕ್ಕೆ ವಾಪಸ್ ಹೋಗಲಿಲ್ಲ. ಗೋಪಾಲದಾಸರ ಮಾತಿನಂತೆ ಪಂಢರಪುರಕ್ಕೆ ಹೋದರು. ಚಂದ್ರಭಾಗಾ ನದಿಯಲ್ಲಿ ಮುಳುಗಿ ಏಳುವಾಗ ಜಗನ್ನಾಥವಿಠಲ ಅನ್ನೋ ಅಂಕಿತ ಸಿಕ್ಕಿತು ಅಂತ ಪ್ರತೀತಿ. ಅಲ್ಲಿಂದ ಮುಂದೆ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರು. ಯಾವ ಗೆಜ್ಜೆ, ತಂಬೂರಿಯನ್ನು ಕೀಳು ಅಂದುಕೊಂಡಿದ್ದರೋ ಅದನ್ನೇ ಹಿಡಿದರು. ಸಂಸ್ಕೃತದಲ್ಲಿ ಕಲಿತದ್ದನ್ನೆಲ್ಲ ಕನ್ನಡಕ್ಕೆ ಇಳಿಸೋಕೆ ಕೂತರು. ಹೆಣ್ಣುಮಕ್ಕಳು ಕೆಲಸ ಮಾಡ್ತಾ ಹಾಡಿಕೊಳ್ಳೋ ಧಾಟಿಯಲ್ಲಿ ತತ್ವಸುವ್ವಾಲಿ ಬರೆದರು. ಭಾಮಿನಿ ಷಟ್ಪದಿಯಲ್ಲಿ 32 ಸಂಧಿಗಳ ಹರಿಕಥಾಮೃತಸಾರ ಬರೆದರು. ಅದರ ಸಿದ್ಧಾಂತ ನನ್ನಂಥವನಿಗೆ ಪೂರ್ತಿ ದಕ್ಕೋದಿಲ್ಲ, ಒಪ್ಪಿಗೆಯೂ ಆಗೋದಿಲ್ಲ. ಜೀವಗಳಲ್ಲಿ ಮೇಲು ಕೀಳಿನ ಮೆಟ್ಟಿಲು ಕಟ್ಟುವ ತಾರತಮ್ಯ ಅದರ ಬೆನ್ನೆಲುಬು, ಅದನ್ನು ಮುಚ್ಚಿಟ್ಟು ದಾಸರನ್ನು ಕ್ರಾಂತಿಕಾರಿ ಮಾಡೋದು ಸುಳ್ಳಾಗುತ್ತೆ. ಆದ್ರೆ ಆ 32ರಲ್ಲಿ ಒಂದು ಸಂಧಿ ಇಡಿಯಾಗಿ ಊಟದ ಬಗ್ಗೆ ಇದೆ. ಹೆಸರೇ ಭೋಜನರಸವಿಭಾಗ. ಒಂದೊಂದು ಅಡುಗೆಯಲ್ಲಿ, ಒಂದೊಂದು ರಸದಲ್ಲಿ ಯಾವ ದೇವತೆ ಇದ್ದಾರೆ ಅಂತ ಪಟ್ಟಿ ಮಾಡುತ್ತೆ. ಹೊಟ್ಟೆಬೇನೆಯ ನೆಪ ಹೇಳಿ ಒಂದು ಊಟ ತಪ್ಪಿಸಿಕೊಂಡವರು ಬರೆದದ್ದು ಅಂತ ನೆನಪಿಟ್ಟುಕೊಂಡು ಓದಿದ್ರೆ ಅದರ ರುಚಿಯೇ ಬೇರೆ.

ಲಿಂಗಸುಗೂರಿನ ಪ್ರಾಣೇಶದಾಸರು, ಕರ್ಜಗಿಯ ದಾಸಪ್ಪನವರು ಅವರ ಶಿಷ್ಯರಾದರು. ಹರಿಕಥಾಮೃತಸಾರದ ಕೊನೆಗೆ ಸೇರಿಸಿ ಹಾಡುವ ಫಲಸ್ತುತಿ ಈ ದಾಸಪ್ಪನವರದ್ದು, ಶ್ರೀದವಿಠಲ ಅನ್ನೋ ಅಂಕಿತದಲ್ಲಿ. 1809ರ ಭಾದ್ರಪದ ಶುದ್ಧ ನವಮಿಯ ದಿನ ಜಗನ್ನಾಥದಾಸರು ಮಾನ್ವಿಯಲ್ಲೇ ತೀರಿಕೊಂಡರು. ಅವರ ಮನೆ ಈಗ ಗುಡಿ. ಒಳಗೊಂದು ಕಂಬ ಇದೆ, ದಾಸರು ಅದರಲ್ಲಿದ್ದಾರೆ ಅಂತ ಜನ ನಂಬ್ತಾರೆ. ವರ್ಷಕ್ಕೊಮ್ಮೆ ಆರಾಧನೆ ಆಗುತ್ತೆ, ಬಂದವರು ಕಂಬಕ್ಕೆ ಕೈಮುಗಿದು ತಮ್ಮ ತಮ್ಮ ಬೇನೆ ಹೇಳಿಕೊಳ್ತಾರೆ, ಆಮೇಲೆ ಊಟಕ್ಕೆ ಕೂರ್ತಾರೆ.